ನಿಮಗಿದು ಗೊತ್ತೇ? ಹೆರಿಗೆಯ ಹೊತ್ತಿನಲ್ಲಿ ಕೂಸಿನ ಮಿದುಳು

● ದೊಡ್ಡವರ ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ. 2ರಷ್ಟು. ಹಸುಗೂಸಿನಲ್ಲಿ ಅದು ಶೇ. 10ಕ್ಕೂ ಹೆಚ್ಚು!

● ಆಮ್ಲಜನಕ ಕಡಿಮೆಯಾದರೆ ಕೂಸಿನ ದೇಹ ಕರುಳು, ಮೂತ್ರಪಿಂಡ, ಚರ್ಮಗಳಿಗೆ ಹೋಗುವ ರಕ್ತವನ್ನು ಕಡಿತ ಮಾಡಿ ಮಿದುಳು, ಹೃದಯದತ್ತ ತಿರುಗಿಸುತ್ತದೆ. ಆದರೆ ಈ ಉಪಾಯ ಬಹಳ ಹೊತ್ತು ನಡೆಯದು.

● ಕೂಸಿಗಿಂತ ಮೊದಲು ಹೊಕ್ಕುಳಬಳ್ಳಿ ಜಾರಿ ಬಂದರೆ, ಕೂಸಿನ ತಲೆಯೇ ಅದನ್ನು ಅದುಮಿ ರಕ್ತ ನಿಲ್ಲಿಸಿಬಿಡಬಹುದು. ಆಗ ವೈದ್ಯರೋ ದಾದಿಯೋ ಕೈಯಿಂದ ಆ ತಲೆಯನ್ನು ಮೇಲಕ್ಕೆತ್ತಿ ಹಿಡಿಯುತ್ತಾರೆ. ಸಿಸೇರಿಯನ್ ಮಾಡಿ ಕೂಸನ್ನು ಹೊರತೆಗೆಯುವವರೆಗೂ ಕೈ ಬಿಡುವುದಿಲ್ಲ.

● ಹೆರಿಗೆಗೆ ಮೊದಲೇ ಮಾಸು ಕಳಚಿಕೊಂಡರೂ ಕೆಲವೊಮ್ಮೆ ರಕ್ತ ಒಳಗೇ ಉಳಿಯುತ್ತದೆ, ಹೊರಗೆ ಹನಿಯೂ ಕಾಣದು. ಹಲಗೆಯಂತೆ ಬಿಗಿದ ಹೊಟ್ಟೆ, ಬಿಡುವಿಲ್ಲದ ನೋವು ಇದರ ಸುಳಿವು. ರಕ್ತದೊತ್ತಡ ಹೆಚ್ಚಿರುವವರಲ್ಲಿ, ಹೊಟ್ಟೆಗೆ ಪೆಟ್ಟು ಬಿದ್ದವರಲ್ಲಿ ಇದರ ಭಯ ಹೆಚ್ಚು.

● ತಲೆ ಹೊರಬಂದು ಭುಜ ಸಿಕ್ಕಿಕೊಂಡರೆ ಮೊದಲ ಉಪಾಯಕ್ಕೆ ಔಷಧವೂ ಬೇಡ, ಉಪಕರಣವೂ ಬೇಡ. ತಾಯಿಯ ತೊಡೆಗಳೆರಡನ್ನೂ ಹೊಟ್ಟೆಯತ್ತ ಚೆನ್ನಾಗಿ ಮಡಚಬೇಕು. ಇದೇ ಮೆಕ್‌ರಾಬರ್ಟ್ಸ್ ವಿಧಾನ. ಹೊಟ್ಟೆಯ ಮೇಲ್ಭಾಗ ಒತ್ತಿದರೆ ಭುಜ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ.

● ಹುಟ್ಟಿದ ಕೂಸಿಗೆ ಅಂಕ ಕೊಡುವ ಪದ್ಧತಿ 1952ರದು. ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಆಪ್ಗರ್ ರೂಪಿಸಿದ್ದು. ಬಣ್ಣ, ನಾಡಿ, ಪ್ರತಿಕ್ರಿಯೆ, ಕೈಕಾಲಿನ ಬಿಗಿ, ಉಸಿರು ಈ ಐದಕ್ಕೆ ತಲಾ 2 ಅಂಕ. ಮೊದಲ ಮತ್ತು ಐದನೇ ನಿಮಿಷದಲ್ಲಿ ಪರೀಕ್ಷೆ!

● ಹತ್ತು ಕೂಸುಗಳಲ್ಲಿ ಸುಮಾರು ಒಂದಕ್ಕೆ ಉಸಿರಾಟ ಶುರುಮಾಡಲು ನೆರವು ಬೇಕು. ಒರೆಸಿ, ಬೆನ್ನು ಉಜ್ಜಿದರೆ ಬಹುಪಾಲು ಕೂಸುಗಳು ಅಳುತ್ತವೆ. ಇಲ್ಲದಿದ್ದರೆ ಒಂದು ನಿಮಿಷದೊಳಗೆ ಬ್ಯಾಗ್-ಮಾಸ್ಕ್‌ನಿಂದ ಗಾಳಿ ಕೊಡಬೇಕು. ತಲೆಕೆಳಗಾಗಿ ಹಿಡಿದು ಬಡಿಯುವುದು ತಪ್ಪು.

● ಹೀಗೆ ಬ್ಯಾಗ್-ಮಾಸ್ಕ್‌ನಿಂದ ಕೊಡುವ ಗಾಳಿ ಶುದ್ಧ ಆಮ್ಲಜನಕವೇ ಆಗಿರಬೇಕೆಂದು ಬಹುಕಾಲ ನಂಬಿದ್ದರು. ನಾವೆಲ್ಲ ಉಸಿರಾಡುವ ಮಾಮೂಲಿ ಗಾಳಿಯೇ ಸಾಕೆಂದು ಮೊದಲು ಸೂಚಿಸಿದ ಪ್ರಯೋಗಗಳಲ್ಲೊಂದು ನಡೆದದ್ದು ನಮ್ಮ ದೆಹಲಿಯಲ್ಲಿ, ಪ್ರಕಟವಾದದ್ದು 1993ರಲ್ಲಿ. 2010ರಲ್ಲಿ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ತಿಂಗಳು ತುಂಬಿದ ಕೂಸುಗಳಿಗೆ ಇದನ್ನೇ ಹೇಳಿತು.

● ಉಸಿರುಗಟ್ಟಿ ಮಿದುಳಿಗೆ ಪೆಟ್ಟಾದ ಕೂಸನ್ನು ಶ್ರೀಮಂತ ದೇಶಗಳಲ್ಲಿ ತಂಪು ಮಾಡುತ್ತಾರೆ: ಹುಟ್ಟಿದ 6 ಗಂಟೆಯೊಳಗೆ ಶುರು, ಮೈಯ ಉಷ್ಣತೆ ಸುಮಾರು 33.5 ಡಿಗ್ರಿ ಸೆಲ್ಸಿಯಸ್, 72 ಗಂಟೆ. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಕೂಸುಗಳ ಮೇಲೆ ನಡೆದ ‘ಹೀಲಿಕ್ಸ್’ ಅಧ್ಯಯನದಲ್ಲಿ (2021) ತಂಪು ಮಾಡಿದ ಗುಂಪಿನಲ್ಲೇ ಸಾವು ಹೆಚ್ಚಾಗಿತ್ತು. ಅಲ್ಲಿ ಹೊಂದಿದ ಚಿಕಿತ್ಸೆ ಇಲ್ಲಿಯೂ ಹೊಂದಬೇಕೆಂದಿಲ್ಲ.

● ಕಷ್ಟದ ಹೆರಿಗೆಯೇ ಸೆರೆಬ್ರಲ್ ಪಾಲ್ಸಿಗೆ (ಮಿದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕುಂಠಿತವಾಗುವ ಸ್ಥಿತಿ) ಕಾರಣವೆಂದು 1861ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಲಿಟಲ್ ವಾದಿಸಿದರು. 1897ರಲ್ಲಿ ಇನ್ನೊಬ್ಬರು ಅನುಮಾನಪಟ್ಟರು: ತೊಂದರೆ ಗರ್ಭದಲ್ಲೇ ಶುರುವಾಗಿದ್ದು, ಅದರಿಂದಲೇ ಹೆರಿಗೆ ಕಷ್ಟವಾಗಿರಬಾರದೇಕೆ? ಅವರು ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್! ಹೆಚ್ಚಿನ ಪ್ರಕರಣಗಳಿಗೆ ಹೆರಿಗೆಯ ಉಸಿರುಗಟ್ಟುವಿಕೆ ಕಾರಣವಲ್ಲ ಎಂಬುದು ಇಂದಿನ ತಿಳಿವಳಿಕೆ. ಹೀಗಾಗಿ ತಾಯಿಯನ್ನೋ ಹೆರಿಗೆ ಮಾಡಿಸಿದವರನ್ನೋ ದೂರುವ ಮೊದಲು ಯೋಚಿಸಿ.

● ಹೊಟ್ಟೆಯಲ್ಲಿರುವ ಕೂಸಿನ ಮಿಸುಕಾಟ ಕಡಿಮೆಯಾಯಿತೇ? ರಕ್ತ ಹೋಗುತ್ತಿದೆಯೇ? ಹಸಿರು ಬಣ್ಣದ ನೀರು ಹೋಯಿತೇ? ವಿಪರೀತ ತಲೆನೋವು, ಕಣ್ಣು ಮಂಜು, ಫಿಟ್ಸ್? ಬೆಳಗಾಗಲಿ ಎಂದು ಕಾಯಬೇಡಿ. ತಾಯಿ ಕಾರ್ಡ್ ತೆಗೆದುಕೊಳ್ಳಿ, 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಉಚಿತ.