ಅಜ್ಜ-ಅಜ್ಜಿ ಮೀನುಗಳಷ್ಟೇ ಉಳಿದ ಹೊಳೆ

ನೆಲಮಂಗಲದ ಮಗ್ಗುಲಲ್ಲಿರುವ ಅರಿಶಿನಕುಂಟೆಯ ಹೆಸರಿನಲ್ಲೇ ನೀರಿದೆ. ಕುಂಟೆ ಎಂದರೆ ಪುಟ್ಟ ಕೆರೆ. ಮಕ್ಕಳೇ, ಈ ಸೀಮೆಯಲ್ಲಿ ಸುರಿದ ಮಳೆ ಕುಂಟೆ ತುಂಬಿಸಿ, ಕೆರೆ ತುಂಬಿಸಿ, ಕೋಡಿ ಹರಿದರೆ ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ, ಗೊತ್ತೆ? ಪಕ್ಕದಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಮೊದಲು ಅವರನ್ನು ಕೇಳಿ. ಆಮೇಲೆ ಮುಂದೆ ಓದಿ.

ಶಿವಗಂಗೆ ಬೆಟ್ಟದ ಕಡೆ ಹುಟ್ಟುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯ ಹತ್ತಿರ ಅರ್ಕಾವತಿಯನ್ನು ಸೇರುತ್ತಾಳೆ. ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ದೊಡ್ಡಬಳ್ಳಾಪುರ, ಹೆಸರಘಟ್ಟಗಳನ್ನು ದಾಟಿ, ಕುಮುದ್ವತಿಯನ್ನು ಜೊತೆಗೆ ಕರೆದುಕೊಂಡು, ರಾಮನಗರ, ಕನಕಪುರದ ಕಡೆಯಿಂದ ಹೋಗಿ ಅವಳು ಕಾವೇರಿಯ ಮಡಿಲು ಸೇರುತ್ತಾಳೆ. ಆ ಜಾಗದ ಹೆಸರೇ ಸಂಗಮ. ಮೇಕೆದಾಟುವಿಗೆ ಹೋದವರೆಲ್ಲ ಅಲ್ಲಿ ಹೊಳೆ ದಾಟಿರುತ್ತಾರೆ.

ಆ ಸಂಗಮದ ಆಸುಪಾಸಿನ ಬಂಡೆಗಳ ನಡುವೆ, ನೀರು ನೊರೆಯೆದ್ದು ಧುಮುಕುವಲ್ಲಿ ಒಂದು ಮೀನಿದೆ. ನಮ್ಮ ಜನ ಅದನ್ನು ಬಿಳಿಮೀನು ಎನ್ನುತ್ತಾರೆ. ಪುಸ್ತಕಗಳಲ್ಲಿ ಅದರ ಹೆಸರು ಮಹಶೀರ್. ಈಗ ಅದು ಇನ್ನೇನು ಇಲ್ಲವಾಗುತ್ತದೆ ಎನ್ನುವ ಸ್ಥಿತಿಯಲ್ಲಿದೆ. ಅದು ಕಡಿಮೆಯಾಗುತ್ತಿರುವುದನ್ನು ಲೋಕಕ್ಕೆ ತಿಳಿಸಿದ್ದು ಏನು ಗೊತ್ತೆ? ಗಾಳ ಹಾಕುವವರು ಬರೆದಿಟ್ಟ ಲೆಕ್ಕ!

ಹಲ್ಲು ಗಂಟಲಲ್ಲಿ, ಹುರುಪೆ ಅಂಗೈಯಗಲ

ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿದ್ದೀರಲ್ಲ? ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲೂ ಕಾವೇರಿಯ ಮೀನುಗಳನ್ನು ದೇವರ ಮೀನೆಂದು ಯಾರೂ ಹಿಡಿಯುವುದಿಲ್ಲ. ಅಲ್ಲೆಲ್ಲ ಗುಂಪು ಗುಂಪಾಗಿ ಮೇಲೆದ್ದು ಬಾಯಿ ತೆರೆಯುವ ದೊಡ್ಡ ಮೀನುಗಳು ಮಹಶೀರ್ ಬಳಗದವೇ. ರೋಹು, ಕಾಟ್ಲಾಗಳಿಗೂ ಇವು ದೂರದ ನೆಂಟರು.

ಮಹಶೀರ್ ಬಾಯಿ ತೆರೆದು ನೋಡಿದರೆ ಒಂದು ಹಲ್ಲೂ ಕಾಣುವುದಿಲ್ಲ. ಹಲ್ಲುಗಳಿರುವುದು ಗಂಟಲಲ್ಲಿ. ಏಡಿ, ಬಸವನಹುಳುಗಳನ್ನು ಹಾಗೇ ನುಂಗಿ, ಗಂಟಲಲ್ಲೇ ಪುಡಿ ಮಾಡುತ್ತದೆ. ದಡದ ಮರದಿಂದ ಉದುರಿದ ಹಣ್ಣನ್ನೂ ಬಿಡುವುದಿಲ್ಲ. ದೊಡ್ಡ ಮೀನಿನ ಒಂದೊಂದು ಹುರುಪೆಯೂ ಅಂಗೈಯಷ್ಟು ಅಗಲ.

ಈ ಬಳಗದಲ್ಲೇ ದೊಡ್ಡಣ್ಣ ನಮ್ಮ ಕಾವೇರಿಯದು. ಇದರ ತಲೆಯ ಹಿಂದಿನಿಂದ ಬೆನ್ನು ಗೂನಿನಂತೆ ಉಬ್ಬಿರುತ್ತದೆ, ಈಜುರೆಕ್ಕೆ ಮತ್ತು ಬಾಲಕ್ಕೆ ಕಿತ್ತಳೆ ಬಣ್ಣ. ಕಾವೇರಿಯಲ್ಲಿ ಮತ್ತು ಅವಳನ್ನು ಸೇರುವ ಹೊಳೆಗಳಲ್ಲಿ ಬಿಟ್ಟರೆ ಈ ಗೂನುಬೆನ್ನಿನ ಮಹಶೀರ್ ಜಗತ್ತಿನ ಬೇರೆ ಯಾವ ನೀರಿನಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು ಕಬಿನಿ ಹೊಳೆಯಲ್ಲಿ ಗಾಳ ಹಾಕಿ ಹಿಡಿದ ಮೀನು 120 ಪೌಂಡು ತೂಗಿತು. ಅಂದರೆ ಸುಮಾರು 54 ಕಿಲೋ. ಒಂದು ಮೂಟೆ ಅಕ್ಕಿಗಿಂತ ಭಾರ! ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಇಂದಿಗೂ ಅದರದ್ದೇ ದಾಖಲೆ.

ರಾಗಿ ಉಂಡೆ ಮತ್ತು ಲೋಹದ ಚಮಚ

ಈ ಮೀನಿನ ಖ್ಯಾತಿ ಹಳೆಯದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಎಂಬ ಇಂಗ್ಲಿಷರು ಭಾರತದ ಹೊಳೆಗಳಲ್ಲಿ ಗಾಳ ಹಾಕುವ ಬಗ್ಗೆ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಬರೆದರು. ಅದು 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ತಮ್ಮ ನಾಡಿನ ಸಾಲ್ಮನ್ ಮೀನಿಗಿಂತ ಮಹಶೀರ್ ಏನೂ ಕಡಿಮೆಯಲ್ಲ ಎಂದು ಆ ಕಾಲದ ದೊರೆಗಳು ಮಾತಾಡಿಕೊಳ್ಳುತ್ತಿದ್ದರು.

ಕಾವೇರಿಯಲ್ಲಿ ಇದನ್ನು ಹಿಡಿಯುವ ರೀತಿ ಕೇಳಿದರೆ ಅಜ್ಜಿಯರಿಗೆ ನಗು ಬರಬಹುದು. ಗಾಳಕ್ಕೆ ಸಿಕ್ಕಿಸುವುದು ರಾಗಿ ಹಿಟ್ಟನ್ನು ಬೇಯಿಸಿ ಗಟ್ಟಿಯಾಗಿ ಕಟ್ಟಿದ ಉಂಡೆ. ನಮ್ಮ ಮುದ್ದೆಯ ತಮ್ಮ ಎನ್ನಿ! ಇನ್ನೊಂದು ದಾರಿ, ಚಮಚದ ಆಕಾರದ ಹೊಳೆಯುವ ಲೋಹದ ತಗಡನ್ನು ಎಸೆದು ಎಳೆಯುವುದು. ನೀರಿನಲ್ಲಿ ಅದು ಓಲಾಡುತ್ತ ಬಂದರೆ ಮೀನಿಗೆ ಅದು ಪುಟ್ಟ ಮೀನಿನಂತೆ ಕಾಣುತ್ತದೆ. ಕಚ್ಚಿದ ಮೇಲೆ ಶುರು ನಿಜವಾದ ಕುಸ್ತಿ. ಮಹಶೀರ್ ಬಂಡೆಗಳ ನಡುವೆ ನುಗ್ಗಿ ಓಡುತ್ತದೆ, ಹರಿಗೋಲಿನಲ್ಲಿ ಕೂತು ಅದರ ಹಿಂದೆ ಹೋಗಬೇಕಾಗುತ್ತದೆ.

ಹಿಡಿದು ತಿಂದು ಮುಗಿಸಿದ್ದರೆ ನಮ್ಮ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. 1972ರಲ್ಲಿ ಬೆಂಗಳೂರಿನಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಎಂಬ ಸಂಘ ಶುರುವಾಯಿತು. ಅದು ಕಾವೇರಿಯ ಒಂದಷ್ಟು ಉದ್ದವನ್ನು ಕಾಯುವ ಕೆಲಸಕ್ಕೆ ಕೈಹಾಕಿತು. ಮುಂದೆ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಬಿಡಾರ ಹೂಡಿತು. ಅಲ್ಲಿ ಒಂದು ಕಟ್ಟುಪಾಡು ಬಂತು: ಮೀನು ಹಿಡಿಯಿರಿ, ತೂಕ ನೋಡಿ, ಬರೆದುಕೊಳ್ಳಿ, ಮತ್ತೆ ನೀರಿಗೆ ಬಿಡಿ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರಿಗೂ ಅಲ್ಲೇ ಕೆಲಸ ಸಿಕ್ಕಿತು. ಯಾವ ಮಡುವಿನಲ್ಲಿ ಮೀನಿದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಸಿಡಿಮದ್ದು ಹಾಕಿ ಹೊಳೆಯ ಮೀನನ್ನೆಲ್ಲ ಕೊಲ್ಲುವವರ ಮೇಲೆ ಅವರೇ ಕಣ್ಣಿಟ್ಟರು.

ಲೆಕ್ಕದ ಪುಸ್ತಕ ಮಾತಾಡಿತು

ಗಾಳಿಬೋರೆಯ ಬಿಡಾರದಲ್ಲಿ 1998ರಿಂದ 2012ರವರೆಗೆ ಹೀಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಒಟ್ಟು ಮಾಡಿದರು. ಗಾಳ ಹಾಕಿ ಕಾದ ಹೊತ್ತು 23 ಸಾವಿರ ಗಂಟೆಗೂ ಹೆಚ್ಚು. ಸಿಕ್ಕ ಮಹಶೀರ್ ಆರು ಸಾವಿರಕ್ಕೂ ಹೆಚ್ಚು. ಮೇಲುನೋಟಕ್ಕೆ ಎಲ್ಲವೂ ಚೆನ್ನಾಗಿಯೇ ಇತ್ತು. ವರ್ಷದಿಂದ ವರ್ಷಕ್ಕೆ ಹೆಚ್ಚು ಮೀನು ಸಿಗುತ್ತಿತ್ತು.

ಆದರೆ ಅವರು ಮೀನುಗಳನ್ನು ಎರಡು ರಾಶಿ ಮಾಡಿ ನೋಡಿದರು: ಕಿತ್ತಳೆ ರೆಕ್ಕೆಯ ಗೂನುಬೆನ್ನಿನವು ಒಂದು ಕಡೆ, ನೀಲಿ ರೆಕ್ಕೆಯವು ಇನ್ನೊಂದು ಕಡೆ. ಆಗ ಎದೆ ಧಸಕ್ಕೆಂದಿತು. ಹೆಚ್ಚುತ್ತಿದ್ದದ್ದು ನೀಲಿ ರೆಕ್ಕೆಯ ಮೀನು. ಗೂನುಬೆನ್ನಿನದು ವರ್ಷ ವರ್ಷವೂ ಇಳಿಯುತ್ತಿತ್ತು. ಸಿಕ್ಕ ಕೆಲವೂ ದೊಡ್ಡ ದೊಡ್ಡವೇ, ಮರಿಗಳು ಕಾಣುತ್ತಲೇ ಇರಲಿಲ್ಲ. ಒಂದು ಊರಿನಲ್ಲಿ ಅಜ್ಜ-ಅಜ್ಜಿಯರಷ್ಟೇ ಇದ್ದು, ಒಂದು ಮನೆಯಲ್ಲೂ ತೊಟ್ಟಿಲು ತೂಗದಿದ್ದರೆ ಆ ಊರಿನ ಗತಿ ಏನು? ಹೊಳೆಯಲ್ಲೂ ಅದೇ ಆಗಿತ್ತು.

ನೀಲಿ ರೆಕ್ಕೆಯ ಮೀನು ಬಂದದ್ದಾದರೂ ಎಲ್ಲಿಂದ? ಅದು ಮೂಲತಃ ಕಾವೇರಿಯದಲ್ಲ. 1839ರಲ್ಲಿ ಸೈಕ್ಸ್ ಎಂಬವರು ಅದನ್ನು ಮೊದಲು ವರ್ಣಿಸಿದ್ದು ಪುಣೆಯ ಕಡೆಯ ಹೊಳೆಯಿಂದ. ಮಹಾರಾಷ್ಟ್ರದ ಲೋಣಾವಳಾದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮೀನುಮರಿ ಕೇಂದ್ರ ಅದರ ಮೊಟ್ಟೆಗಳನ್ನು ಮರಿ ಮಾಡಿಸುವುದರಲ್ಲಿ ಗೆದ್ದಿತು. ಮಹಶೀರ್ ಕಡಿಮೆಯಾಗುತ್ತಿದೆ, ಮರಿ ಬಿಟ್ಟರೆ ಹೆಚ್ಚುತ್ತದೆ ಎಂಬ ಒಳ್ಳೆಯ ಮನಸ್ಸಿನಿಂದಲೇ ಆ ಮರಿಗಳನ್ನು ಬೇರೆ ಬೇರೆ ಹೊಳೆಗಳಿಗೆ ಬಿಟ್ಟರು. ಕಾವೇರಿಗೂ ಬಿಟ್ಟರು. ಎಲ್ಲ ಮಹಶೀರೂ ಒಂದೇ ಎಂದು ಆಗ ತಿಳಿದಿದ್ದರು. ಬಂದ ಮೀನು ಚೆನ್ನಾಗಿ ನೆಲೆಯೂರಿತು. ಇತ್ತ ಅಣೆಕಟ್ಟು, ಮರಳು ತೆಗೆತ, ಸಿಡಿಮದ್ದು, ಕೊಳಕು ನೀರಿನಿಂದ ಸೊರಗಿದ್ದ ಮನೆಯ ಮೀನು ಇನ್ನಷ್ಟು ಹಿಂದೆ ಸರಿಯಿತು.

ಇನ್ನೂ ಒಂದು ಸೋಜಿಗವಿದೆ. ಇಷ್ಟು ಹೆಸರುವಾಸಿಯಾದ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ! ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಮೀನೊಂದಕ್ಕೆ 2007ರಲ್ಲಿ, ಮೀನುಗಳ ವಿಜ್ಞಾನಿ ರೆಮಾದೇವಿಯವರ ಗೌರವಕ್ಕಾಗಿ, ‘ಟೋರ್ ರೆಮಾದೇವಿ’ ಎಂದು ಹೆಸರಿಟ್ಟಿದ್ದರು. ಪಾಂಬಾರಿನ ನೀರು ಅಮರಾವತಿಯ ಮೂಲಕ ಕಾವೇರಿಗೇ ಬರುತ್ತದೆ. ಕಾವೇರಿಯ ಗೂನುಬೆನ್ನಿನ ಮೀನೂ ಅದೇ ಎಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಯಲ್ಲಿ, ಅತಿ ಹೆಚ್ಚು ಅಪಾಯದ ಸಾಲಿಗೆ ಸೇರಿತು. ಅಂದರೆ ನಾಮಕರಣವೂ ಕೊನೆಯ ಎಚ್ಚರಿಕೆಯೂ ಒಂದೇ ವರ್ಷ! ನೀಲಗಿರಿಯ ಬುಡದಲ್ಲಿ ಕರ್ನಾಟಕ, ತಮಿಳುನಾಡುಗಳ ಗಡಿಯಲ್ಲಿ ಹರಿಯುವ ಮೋಯಾರ್ ಹೊಳೆಯಲ್ಲಿ ಇನ್ನೂ ಅವು ಉಳಿದಿವೆ.

ಮಿಷಿಗನ್ ಸರೋವರದ ಪಾಠ

ಹೊರಗಿನ ಮೀನು ತಂದು ಬಿಡುವುದು ಎಲ್ಲೆಲ್ಲೂ ಕೆಟ್ಟದ್ದೇ ಆಯಿತೆ? ಇದಕ್ಕೆ ಉತ್ತರ ಹುಡುಕಲು ಅಮೆರಿಕದ ಒಂದು ಸರೋವರಕ್ಕೆ ಹೋಗಿಬರೋಣ. ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟದ ಹೆಸರು ಹಲವರು ಕೇಳಿರಬಹುದು. ಆ ಶಿಕಾಗೊ ಇರುವುದೇ ಮಿಷಿಗನ್ ಸರೋವರದ ದಡದಲ್ಲಿ. ಮಗನ ಮನೆಗೋ ಮಗಳ ಮನೆಗೋ ಹೋದ ಅಜ್ಜ-ಅಜ್ಜಿಯರು ಅದನ್ನು ಕಂಡು ‘ಇದು ಸಮುದ್ರವಲ್ಲವೆ?’ ಎಂದರೆ ತಪ್ಪಿಲ್ಲ. ಸುಮಾರು 58 ಸಾವಿರ ಚದರ ಕಿಲೋಮೀಟರ್ ಸಿಹಿನೀರು! ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲಿಗೆ ಸ್ವಲ್ಪವೇ ಕಡಿಮೆ.

ಇಷ್ಟು ದೊಡ್ಡ ನೀರಿನಲ್ಲಿ ದಡದಲ್ಲಿ ಕೂತು ಗಾಳ ಹಾಕಿದರೆ ಎಷ್ಟು ದೂರ ತಲುಪೀತು? ಅದಕ್ಕೇ ಅಲ್ಲಿಯವರು ಮೋಟಾರ್ ದೋಣಿಯಲ್ಲಿ ಹೋಗುತ್ತಾರೆ. ದೋಣಿ ಮನುಷ್ಯ ನಡೆಯುವಷ್ಟೇ ನಿಧಾನವಾಗಿ ಸಾಗುತ್ತದೆ. ಹಿಂದೆ ಹಲವು ಗಾಳದ ದಾರಗಳು, ತುದಿಯಲ್ಲಿ ಹೊಳೆಯುವ ಚಮಚಗಳು. ಸಾಲ್ಮನ್ ಮತ್ತು ಟ್ರೌಟ್ ತಣ್ಣೀರಿನ ಮೀನುಗಳು. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಾದರೆ ಆಳಕ್ಕೆ ಇಳಿದುಬಿಡುತ್ತವೆ. ಆಗ ನಾಲ್ಕೈದು ಕಿಲೋದ ಗುಂಡಿನ ಜೊತೆ ಗಾಳವನ್ನೂ ಆಳಕ್ಕೆ ಇಳಿಬಿಡುತ್ತಾರೆ. ಮೀನು ಕಚ್ಚಿದ ಕೂಡಲೇ ದಾರ ಗುಂಡಿನಿಂದ ಕಳಚಿಕೊಳ್ಳುತ್ತದೆ. ಇದಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಮಲ್ಪೆ, ಮಂಗಳೂರಿನಲ್ಲಿ ಬಲೆ ಎಳೆಯುವ ಟ್ರಾಲಿಂಗ್ ಬೇರೆ, ಇದು ಬೇರೆ.

ಆ ಸರೋವರದ ಸಾಲ್ಮನ್ ಕೂಡ ಹೊರಗಿನಿಂದ ಬಂದದ್ದೇ. ಹಡಗುಗಳಿಗೆ ಕಾಲುವೆ ತೋಡಿದ ಮೇಲೆ ಸಮುದ್ರದ ಲ್ಯಾಂಪ್ರೆ ಎಂಬ ರಕ್ತ ಹೀರುವ ಜೀವಿ ಒಳಗೆ ಬಂತು. ಸರೋವರದ ಸ್ವಂತ ಟ್ರೌಟ್‌ಗಳನ್ನು ಅದು ಹೀರಿ ಮುಗಿಸಿತು. ದೊಡ್ಡ ಮೀನಿಲ್ಲದ ಮೇಲೆ, ಸಮುದ್ರದಿಂದಲೇ ಬಂದಿದ್ದ ಏಲ್‌ವೈಫ್ ಎಂಬ ಸಣ್ಣ ಮೀನನ್ನು ತಿನ್ನುವವರು ಯಾರು? ಅದು ಮಿತಿಮೀರಿ ಹೆಚ್ಚಿ, 1967ರಲ್ಲಿ ರಾಶಿ ರಾಶಿ ಸತ್ತು ದಡವೆಲ್ಲ ನಾರಿತು. ಅದಕ್ಕೆ ಹಿಂದಿನ ವರ್ಷವಷ್ಟೇ, 1966ರಲ್ಲಿ, ಮಿಷಿಗನ್ ರಾಜ್ಯದ ಮೀನುಗಾರಿಕೆಯ ಮುಖ್ಯಸ್ಥ ಹೊವರ್ಡ್ ಟ್ಯಾನರ್ ಪೆಸಿಫಿಕ್ ಸಾಗರದ ಕಡೆಯ ಸಾಲ್ಮನ್ ಮರಿಗಳನ್ನು ಬಿಡಿಸಿದ್ದರು. ಸಾಲ್ಮನ್ ಸಣ್ಣ ಮೀನನ್ನು ತಿಂದು ಕೊಬ್ಬಿತು, ಗಾಳದವರು ಸಾಲುಗಟ್ಟಿದರು.

ಸಂತೋಷದ ಕಥೆ ಎನ್ನುತ್ತೀರಾ? ಪಕ್ಕದ ಹ್ಯೂರಾನ್ ಸರೋವರದಲ್ಲಿ 2003ರ ಹೊತ್ತಿಗೆ ಏಲ್‌ವೈಫ್ ಕುಸಿಯಿತು. ಅದನ್ನೇ ನಂಬಿದ್ದ ಚಿನೂಕ್ ಸಾಲ್ಮನ್ನೂ ಬೆನ್ನಿಗೇ ಕುಸಿಯಿತು. ಅದನ್ನು ಕಂಡ ಮಿಷಿಗನ್ ಸರೋವರದವರು ಮರಿ ಬಿಡುವುದನ್ನು ಕಡಿಮೆ ಮಾಡಿದರು. ಎಷ್ಟು ಕಡಿಮೆ ಎಂದು ತೀರ್ಮಾನಿಸಲು ಲೆಕ್ಕ ಬೇಕಲ್ಲ? ಅದಕ್ಕೊಂದು ಉಪಾಯವಿದೆ. ಸಾಕಿದ ಮರಿಯನ್ನು ಬಿಡುವ ಮೊದಲು ಬಾಲದ ಹತ್ತಿರ ಬೆನ್ನ ಮೇಲಿರುವ ಪುಟ್ಟ ರೆಕ್ಕೆಯನ್ನು ಕತ್ತರಿಸಿ, ಮೂಗಿನೊಳಗೆ ಕೂದಲಿನಂಥ ಸಣ್ಣ ತಂತಿಯ ಗುರುತು ಇಡುತ್ತಾರೆ. ಟ್ರೋಲಿಂಗ್ ದೋಣಿಯವರು ರೆಕ್ಕೆ ಇಲ್ಲದ ಮೀನು ಸಿಕ್ಕರೆ ಅದರ ತಲೆಯನ್ನು ಇಲಾಖೆಗೆ ಒಪ್ಪಿಸುತ್ತಾರೆ. ಯಾವ ಮರಿ, ಎಲ್ಲಿ ಬಿಟ್ಟದ್ದು, ಎಷ್ಟು ಬೆಳೆಯಿತು ಎಲ್ಲ ತಿಳಿಯುತ್ತದೆ.

ಗಾಳಿಬೋರೆಯ ರಾಗಿ ಉಂಡೆಯವರೂ ಮಿಷಿಗನ್ನಿನ ದೋಣಿಯವರೂ ಮಾಡಿದ ಕೆಲಸ ಒಂದೇ. ಕಂಡದ್ದನ್ನು ಮರೆಯದೆ ಬರೆದಿಟ್ಟರು, ಬೇಕಾದವರಿಗೆ ಕೊಟ್ಟರು. ಅಭಯಾರಣ್ಯದ ನಿಯಮದಂತೆ ಗಾಳಿಬೋರೆಯಲ್ಲಿ ಗಾಳ ಹಾಕುವುದು ಈಗ ನಿಂತಿದೆ. ಅದರ ಜೊತೆಗೇ ಆ ಪುಸ್ತಕವೂ ಮುಚ್ಚಿತು. ಆದರೆ ಹದಿನಾಲ್ಕು ವರ್ಷ ಅದನ್ನು ಬರೆಯದೇ ಇದ್ದಿದ್ದರೆ ‘ಕಾವೇರಿ ತುಂಬ ಮಹಶೀರ್ ಇದೆ’ ಎಂದು ನಾವು ಇನ್ನೂ ನಿಶ್ಚಿಂತೆಯಿಂದ ಇರುತ್ತಿದ್ದೆವು.

ನಿಮ್ಮೂರ ಕೆರೆಗೊಂದು ನೋಟ್‌ಬುಕ್

ಈ ಭಾನುವಾರ ಒಂದು ಕೆಲಸ ಮಾಡಿ. ಅಜ್ಜ ಚಿಕ್ಕವರಿದ್ದಾಗ ಊರ ಕೆರೆಯಲ್ಲಿ ಯಾವ ಯಾವ ಮೀನಿತ್ತು ಎಂದು ಕೇಳಿ ಬರೆದುಕೊಳ್ಳಿ. ಗೆಂಡೆ, ಕೊರವ, ಚೇಳುಮೀನು, ಹಾವುಮೀನು ಎಂದು ಅವರ ಪಟ್ಟಿ ಬೆಳೆಯುತ್ತದೆ. ಅಜ್ಜಿಗೆ ಯಾವುದರ ಸಾರು ರುಚಿ ಎಂಬುದೂ ನೆನಪಿರುತ್ತದೆ. ಪಕ್ಕದ ಪುಟದಲ್ಲಿ ಈಗ ಸಿಗುವ ಮೀನಿನ ಹೆಸರು ಬರೆಯಿರಿ. ಕಾಟ್ಲಾ, ರೋಹು ಗಂಗೆಯ ಕಡೆಯಿಂದ ತಂದವು. ಜಿಲೇಬಿ ಮೀನು 1952ರಲ್ಲಿ ಭಾರತಕ್ಕೆ ಬಂದದ್ದು, ಅದರ ತವರು ಆಫ್ರಿಕ. ಎರಡು ಪುಟಗಳನ್ನು ಹೋಲಿಸಿ ನೋಡಿದರೆ ನಿಮ್ಮ ಕೆರೆಯ ಕಥೆ ನಿಮಗೇ ತಿಳಿಯುತ್ತದೆ. ತಾರೀಖು ಹಾಕುವುದನ್ನು ಮಾತ್ರ ಮರೆಯಬೇಡಿ. ತಾರೀಖಿಲ್ಲದ ಲೆಕ್ಕ ಯಾರಿಗೂ ಉಪಯೋಗಕ್ಕೆ ಬಾರದು.

ಇನ್ನೊಂದು ಮಾತು. ಮನೆಯ ಗಾಜಿನ ತೊಟ್ಟಿಯ ಮೀನು ಬೇಡವಾದರೆ ಪಾಪ ಎಂದು ಕೆರೆಗೆ ಬಿಡಬೇಡಿ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಸಕ್ಕರ್ ಮೀನು ಹೀಗೇ ನಮ್ಮ ದೇಶದ ಎಷ್ಟೋ ಕೆರೆಗಳನ್ನು ಸೇರಿ ಬಲೆಗಳನ್ನೇ ಹರಿಯುತ್ತಿದೆ. ಕೊಂಡ ಅಂಗಡಿಗೇ ವಾಪಸು ಕೊಡಿ, ಇಲ್ಲವೇ ಸಾಕುವ ಗೆಳೆಯರಿಗೆ ಕೊಡಿ.

ನಿಮ್ಮ ನೋಟ್‌ಬುಕ್ಕನ್ನು ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ. ಮುಂದಿನ ವರ್ಷ ಇದೇ ತಿಂಗಳು ಮತ್ತೆ ಕೆರೆಗೆ ಹೋಗಿ ಮೂರನೆಯ ಪುಟ ಬರೆಯಿರಿ.