ಶಿಲಾ ಮೇಲ್ಮೈ ಮತ್ತು ಬ್ಯಾಕ್ಟೀರಿಯಾ ವೀಕ್ಷಣೆಗೆ ಸೂಕ್ಷ್ಮದರ್ಶಕದ ಆಯ್ಕೆ

ಶಿಲೆಯ ಮೇಲ್ಮೈಯನ್ನೂ ಅದರ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳನ್ನೂ ಪರೀಕ್ಷಿಸಲು ಸಾಮಾನ್ಯವಾಗಿ ಒಂದೇ ಸೂಕ್ಷ್ಮದರ್ಶಕ ಸಾಲದು. ಬೆಳಕು ವಸ್ತುವಿನ ಮೂಲಕ ಹಾದುಹೋಗುತ್ತದೆಯೇ ಅಥವಾ ಅದರ ಮೇಲೆ ಬಿದ್ದು ಪ್ರತಿಫಲಿಸುತ್ತದೆಯೇ ಎಂಬುದು ಮತ್ತು ನೋಡಬೇಕಾದ ವಿವರದ ಗಾತ್ರವು ಉಪಕರಣದ ಆಯ್ಕೆಯನ್ನು ನಿರ್ಧರಿಸುತ್ತವೆ.

== ಹಿನ್ನೆಲೆ ==
ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲನು ಸ್ಥಾಪಿಸಿದ ಏಕಶಿಲಾ ಬಾಹುಬಲಿ ಮೂರ್ತಿಯು ಬಯಲಿನಲ್ಲಿದ್ದು, ಪ್ರತಿವರ್ಷವೂ ಮುಂಗಾರಿನ ಭಾರೀ ಮಳೆಗೆ ಒಡ್ಡಿಕೊಳ್ಳುತ್ತದೆ. ಇಂತಹ ತೇವಭರಿತ ಪರಿಸರದ ಶಿಲೆಗಳ ಮೇಲೆ ಪಾಚಿ, ಕಲ್ಲುಹೂ ಹಾಗೂ ಸಯನೋಬ್ಯಾಕ್ಟೀರಿಯಾಗಳು ಬೆಳೆಯಬಲ್ಲವು. ಕಲ್ಲಿನ ಮೇಲಿನ ಕಪ್ಪು ಕಲೆಯು ಜೀವಿಯೇ, ಧೂಳೇ ಅಥವಾ ಖನಿಜವೇ ಎಂಬುದು ಬರಿಗಣ್ಣಿಗೆ ಸ್ಪಷ್ಟವಾಗುವುದಿಲ್ಲ. ಇದನ್ನು ಅರಿಯದೆ ಆಮ್ಲ ಬಳಸಿದರೆ ಅಥವಾ ಗಟ್ಟಿಯಾಗಿ ಉಜ್ಜಿದರೆ ಶಿಲೆಯೇ ಸವೆಯಬಹುದು.

== ಮೇಲ್ಮೈ ವೀಕ್ಷಣೆ ==
ಶಿಲೆಯು ಅಪಾರದರ್ಶಕವಾದುದರಿಂದ ಮೇಲಿನಿಂದ ಬೆಳಕು ಬೀಳಿಸುವ ಸ್ಟೀರಿಯೊ ಸೂಕ್ಷ್ಮದರ್ಶಕವು ಸೂಕ್ತ. ಸುಮಾರು 10ರಿಂದ 40 ಪಟ್ಟು ವರ್ಧನೆಯಲ್ಲಿ ಬಿರುಕು, ಹರಳು ಮತ್ತು ಕಲ್ಲುಹೂವಿನ ರಚನೆಯನ್ನು ಆಳದ ಅರಿವಿನೊಂದಿಗೆ ನೋಡಬಹುದು. ಮೂರ್ತಿಯನ್ನು ಪೀಠದ ಮೇಲಿಡಲಾಗದ ಕಾರಣ, ಸ್ಥಳದಲ್ಲಿ ಕೈಯಲ್ಲಿ ಹಿಡಿಯುವ ಡಿಜಿಟಲ್ ಸೂಕ್ಷ್ಮದರ್ಶಕವನ್ನು ಬಳಸಬಹುದು.

== ಬ್ಯಾಕ್ಟೀರಿಯಾ ವೀಕ್ಷಣೆ ==
ಬಹುತೇಕ ಬ್ಯಾಕ್ಟೀರಿಯಾಗಳ ಅಗಲ ಒಂದು ಮೈಕ್ರೊಮೀಟರ್‌ನ ಆಸುಪಾಸಿನಲ್ಲಿರುತ್ತದೆ. ಇವನ್ನು ನೋಡಲು ಗಾಜಿನ ಸ್ಲೈಡ್ ಮೇಲಿನ ತೆಳು ಮಾದರಿ ಮತ್ತು ಸಂಯುಕ್ತ ಸೂಕ್ಷ್ಮದರ್ಶಕ ಬೇಕು. 100 ಪಟ್ಟಿನ ಎಣ್ಣೆ ಬಳಸುವ ವಸ್ತು ಮಸೂರವನ್ನು 10 ಪಟ್ಟಿನ ನೇತ್ರ ಮಸೂರದೊಂದಿಗೆ ಬಳಸಿದಾಗ ಒಟ್ಟು ವರ್ಧನೆ 1000 ಪಟ್ಟು ಆಗುತ್ತದೆ. ಬಣ್ಣವಿಲ್ಲದ ಜೀವಕೋಶಗಳಿಗೆ ಗ್ರಾಮ್ ವರ್ಣಲೇಪನ ಅಥವಾ ಫೇಸ್ ಕಾಂಟ್ರಾಸ್ಟ್ ವಿಧಾನ ಅಗತ್ಯ. ಸಯನೋಬ್ಯಾಕ್ಟೀರಿಯಾಗಳಿಗೆ ಸ್ವಂತ ವರ್ಣದ್ರವ್ಯವಿರುವುದರಿಂದ ಅವು ಲೇಪನವಿಲ್ಲದೆಯೂ ಕಾಣುತ್ತವೆ.

ಜಾಹೀರಾತಿನಲ್ಲಿ ಸೂಚಿಸುವ ಅಧಿಕ ವರ್ಧನೆಯು ಗುಣಮಟ್ಟದ ಅಳತೆಯಲ್ಲ. ಎರ್ನ್ಸ್ಟ್ ಅಬೆ 1873ರಲ್ಲಿ ತೋರಿಸಿದಂತೆ ಬೆಳಕಿನ ತರಂಗದೂರವೇ ಸ್ಪಷ್ಟತೆಗೆ ಮಿತಿಯಾಗಿದ್ದು, ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕವು ಸುಮಾರು 0.2 ಮೈಕ್ರೊಮೀಟರ್‌ಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರ್ಪಡಿಸಲಾರದು. ಅದಕ್ಕಿಂತ ಹೆಚ್ಚಿನ ವರ್ಧನೆಯಲ್ಲಿ ಚಿತ್ರವು ದೊಡ್ಡದಾಗುತ್ತದೆಯೇ ಹೊರತು ಹೊಸ ವಿವರ ದೊರೆಯದು.

== ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ==
ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಶಿಲೆಯ ಕಣ ಮತ್ತು ಅದಕ್ಕೆ ಅಂಟಿದ ಬ್ಯಾಕ್ಟೀರಿಯಾ ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸಬಲ್ಲದು. ಆದರೆ ಸಾಮಾನ್ಯವಾಗಿ ಮಾದರಿಯನ್ನು ಒಣಗಿಸಿ, ಚಿನ್ನದಂತಹ ಲೋಹವನ್ನು ಲೇಪಿಸಿ, ನಿರ್ವಾತದಲ್ಲಿ ಇಡಬೇಕಾಗುವುದರಿಂದ ಜೀವಂತ ಚಲನೆಯನ್ನು ನೋಡಲಾಗದು.

== ಆಯ್ಕೆಯ ಕ್ರಮ ==
ಮೊದಲು ಮೇಲ್ಮೈಯನ್ನು ಕಡಿಮೆ ವರ್ಧನೆಯಲ್ಲಿ ನೋಡಿ ಕಲೆಯ ಸ್ಥಳವನ್ನು ಗುರುತಿಸುವುದು, ಬಳಿಕ ಅನುಮತಿ ಪಡೆದು ತೆಗೆದ ಅತ್ಯಲ್ಪ ಮಾದರಿಯನ್ನು ಸಂಯುಕ್ತ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು ಸೂಕ್ತ ಕ್ರಮ. ಶಾಲಾ ಕಾಲೇಜುಗಳ ಅಭ್ಯಾಸಕ್ಕೆ ಸ್ಮಾರಕಗಳ ಬದಲು ಕಾಂಪೌಂಡ್ ಗೋಡೆಯ ಅಥವಾ ಪಾಗಾರದ ಪಾಚಿಯನ್ನೇ ಬಳಸಬಹುದು.