ಎರಡು ನಿಮಿಷದ ಕೆಲಸ, ಎಂಟು ತಿಂಗಳ ಬಾಕಿ

ಕಣ್ಣಿನ ವೈದ್ಯರಿಗೆ ತೋರಿಸಿ ಎಂದು ಸಕ್ಕರೆ ಕಾಯಿಲೆಯ ವೈದ್ಯರು ಬರೆದುಕೊಟ್ಟ ಚೀಟಿ ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಫ್ರಿಜ್ಜಿನ ಮೇಲೆಯೇ ಇರುತ್ತದೆ. ಫೋನ್ ಮಾಡಿ ಸಮಯ ಗೊತ್ತು ಮಾಡಿಕೊಳ್ಳಲು ಎರಡು ನಿಮಿಷ ಸಾಕು. ಆದರೂ ಆ ಫೋನ್ ಹೋಗುವುದಿಲ್ಲ. ಹಬ್ಬ ಮುಗಿಯಲಿ, ಮಕ್ಕಳ ಪರೀಕ್ಷೆ ಮುಗಿಯಲಿ, ಊರಿಗೆ ಹೋಗಿ ಬಂದ ಮೇಲೆ ನೋಡೋಣ. ಕರ್ನಾಟಕದಲ್ಲಿ ದೆವ್ವ ಒಳಗೆ ಬಾರದಿರಲೆಂದು ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ನಿಮಗೆ ನೆನಪಿರಬಹುದು. ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದಿ ಹಿಂದಿರುಗುತ್ತದೆ ಎಂಬ ನಂಬಿಕೆ. ನಾವು ಅದೇ ಮಾತನ್ನು ಆಸ್ಪತ್ರೆಯ ಫೈಲಿನ ಮೇಲೆ ಬರೆದಿಟ್ಟಿದ್ದೇವೆ. ಕಾಯಿಲೆಗೆ ಓದಲು ಬಾರದು.

ಸಕ್ಕರೆ ಕಾಯಿಲೆಯಿಂದ ಕಣ್ಣಿನ ಒಳಪದರ, ಅಂದರೆ ರೆಟಿನಾ, ಹಾಳಾಗತೊಡಗಿದಾಗ ಮೊದಮೊದಲು ನೋವಿರುವುದಿಲ್ಲ, ನೋಟವೂ ಮಂಜಾಗುವುದಿಲ್ಲ. ‘ಚೆನ್ನಾಗಿಯೇ ಕಾಣುತ್ತಿದೆಯಲ್ಲ’ ಎಂದು ನಾವು ಸುಮ್ಮನಿರುವುದು ಸರಿಯಾಗಿ ಆ ಹೊತ್ತಿನಲ್ಲೇ. ಆಗಲೇ ಗೊತ್ತಾದರೆ ಸಕ್ಕರೆ ಮತ್ತು ರಕ್ತದೊತ್ತಡವನ್ನು ಹತೋಟಿಗೆ ತಂದು, ಬೇಕಿದ್ದರೆ ಲೇಸರ್ ಅಥವಾ ಇಂಜೆಕ್ಷನ್ ಕೊಟ್ಟು ನೋಟ ಉಳಿಸಲು ಸಾಧ್ಯ. ಹೋದ ನೋಟವನ್ನು ಮರಳಿ ತರುವುದು ಹಲವು ಬಾರಿ ಆಗುವುದಿಲ್ಲ. ಟೈಪ್ 2 ಸಕ್ಕರೆ ಕಾಯಿಲೆಯವರು ಕಾಯಿಲೆ ಗೊತ್ತಾದಾಗಲೇ ಒಮ್ಮೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು ಎಂದು ವೈದ್ಯರು ಹೇಳುವುದು ಈ ಕಾರಣಕ್ಕೆ.

ಇದು ಸೋಮಾರಿತನವೇ?

ಮನೆಯವರು ಹಾಗೆ ಅನ್ನುತ್ತಾರೆ. ಆದರೆ ಅದೇ ಮನುಷ್ಯ ಬೆಳಿಗ್ಗೆ ಐದೂವರೆಗೆ ಎದ್ದು, ಡಬ್ಬಿ ಕಟ್ಟಿಕೊಂಡು, ಲೋಕಲ್ ಹಿಡಿದು ಕೆಲಸಕ್ಕೆ ಹೋಗಿಬರುತ್ತಾರೆ. ಸೋಮಾರಿಗಳಿಗೆ ಅದು ಆಗದು. ಮನಶ್ಶಾಸ್ತ್ರಜ್ಞರಾದ ಫ್ಯೂಷಿಯಾ ಸಿರೋಯಿಸ್ ಮತ್ತು ತಿಮೊಥಿ ಪಿಚಿಲ್ 2013ರಲ್ಲಿ ಬರೆದ ಲೇಖನವೊಂದರಲ್ಲಿ ಮುಂದೂಡುವ ಅಭ್ಯಾಸವನ್ನು ಬೇರೆ ರೀತಿ ವಿವರಿಸಿದ್ದಾರೆ. ಕೆಲಸ ನೆನೆದರೆ ಮನಸ್ಸಿಗೆ ಕಿರಿಕಿರಿ. ಮುಂದೆ ಹಾಕಿದ ಕೂಡಲೇ ಹಗುರ. ಆ ಹಗುರವೇ ನಾಳೆಯೂ ಮುಂದೆ ಹಾಕುವುದನ್ನು ಕಲಿಸುತ್ತದೆ.

ಕಾಯಿಲೆಯ ವಿಷಯದಲ್ಲಿ ಆ ಕಿರಿಕಿರಿಯ ಹೆಸರು ಭಯ. ರಿಪೋರ್ಟಿನಲ್ಲಿ ಏನು ಬರುತ್ತದೋ, ಎಷ್ಟು ಖರ್ಚಾಗುತ್ತದೋ ಎಂಬ ಭಯ. ‘ಸಕ್ಕರೆ ಮತ್ತೆ ಏರಿದೆ’ ಎಂದು ವೈದ್ಯರಿಂದ ಬೈಸಿಕೊಳ್ಳಬೇಕಲ್ಲ ಎಂಬ ನಾಚಿಕೆಯೂ ಇರುತ್ತದೆ. ನೋಡಿಕೊಳ್ಳುವವರಿಗೆ, ಅಪ್ಪನನ್ನು ಹೊರಡಿಸುವಾಗ ನಡೆಯಲಿರುವ ಜಗಳದ ಭಯ.

ಹಾಗಾಗಿ ಬೈದರೆ ಭಯ ಇನ್ನಷ್ಟು ಹೆಚ್ಚುತ್ತದೆ, ಕೆಲಸ ಇನ್ನಷ್ಟು ಮುಂದೆ ಹೋಗುತ್ತದೆ. ‘ಅಮ್ಮ, ನೀವು ಯಾವಾಗ್ಲೂ ಹೀಗೇ’ ಎನ್ನುವುದಕ್ಕಿಂತ ‘ಅಮ್ಮ, ನಂಬರ್ ನಾನು ಹಚ್ಚಿ ಕೊಡ್ತೀನಿ, ನೀವು ಮಾತಾಡ್ತೀರಾ, ಇಲ್ಲಾ ನಾನೇ ಮಾತಾಡಲಾ?’ ಎಂದು ಕೇಳಿ ನೋಡಿ.

ಎರಡು ನಿಮಿಷದ ಲೆಕ್ಕ

ಅಮೆರಿಕದ ಡೇವಿಡ್ ಆಲೆನ್ 2001ರ ತಮ್ಮ ‘ಗೆಟಿಂಗ್ ಥಿಂಗ್ಸ್ ಡನ್’ ಪುಸ್ತಕದಲ್ಲಿ ಒಂದು ಸರಳ ಸೂತ್ರ ಹೇಳಿದ್ದಾರೆ: ಎರಡು ನಿಮಿಷದೊಳಗೆ ಮುಗಿಯುವ ಕೆಲಸವನ್ನು ಪಟ್ಟಿಗೆ ಸೇರಿಸಬೇಡಿ, ಈಗಲೇ ಮಾಡಿ. ಆಫೀಸಿನ ಕಾಗದಪತ್ರಗಳಿಗೆ ಅದು ಸರಿ. ರೋಗಿಗಳ ಮನೆಯಲ್ಲಿ ಅದನ್ನು ತುಸು ತಿರುಗಿಸಿಕೊಳ್ಳಬೇಕು. ‘ಕಣ್ಣು ತೋರಿಸುವುದು’ ಎರಡು ನಿಮಿಷದ ಕೆಲಸವಲ್ಲ, ಅರ್ಧ ದಿನದ್ದು. ಹನಿ ಹಾಕಿ ಪಾಪೆ ಹಿಗ್ಗಿಸುವುದರಿಂದ ಕೆಲವು ಗಂಟೆ ಮಂಜಾಗಿ ಕಾಣುತ್ತದೆ, ಗಾಡಿ ಓಡಿಸುವಂತಿಲ್ಲ, ಜೊತೆಗೆ ಯಾರಾದರೂ ಬೇಕು. ಇದೆಲ್ಲ ಒಟ್ಟಿಗೆ ತಲೆಗೆ ಬರುವುದರಿಂದಲೇ ಕೈ ಹಿಂಜರಿಯುತ್ತದೆ. ಅದರ ಮೊದಲ ತುಣುಕನ್ನಷ್ಟೇ ಬಿಡಿಸಿಕೊಳ್ಳಿ. ಇವತ್ತು ನಂಬರ್ ಹುಡುಕಿ ಫೋನಿನಲ್ಲಿ ಉಳಿಸಿಕೊಳ್ಳಿ, ಅಷ್ಟೇ. ನಾಳೆ ಕರೆ.

‘ನಾಳೆ’ ಮತ್ತೆ ದೆವ್ವದ ನಾಳೆ ಆಗದಿರಲು ಅದಕ್ಕೊಂದು ಗೂಟ ಬೇಕು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರ ಲೇಖನದಲ್ಲಿ ವಿವರಿಸಿದ ಉಪಾಯ ಇಲ್ಲಿ ಉಪಯೋಗಕ್ಕೆ ಬರುತ್ತದೆ: ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಗೊತ್ತು ಮಾಡಿಕೊಳ್ಳುವುದು. ‘ಬಿಡುವಾದಾಗ ಕಾಲು ನೋಡಿಕೊಳ್ಳುತ್ತೇನೆ’ ಎಂದರೆ ಬಿಡುವು ಬರುವುದಿಲ್ಲ. ‘ಸ್ನಾನ ಮುಗಿಸಿ ಕಾಲು ಒರೆಸಿಕೊಳ್ಳುವಾಗ ಅಂಗಾಲು, ಬೆರಳಸಂದು ನೋಡುತ್ತೇನೆ’ ಎಂದರೆ ದಿನವೂ ನಡೆಯುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಕಾಲಿನ ಸ್ಪರ್ಶ ಕುಂದಿರಬಹುದು. ಚಪ್ಪಲಿ ಕಚ್ಚಿದ ಗಾಯ ಗೊತ್ತೇ ಆಗದೆ ಹುಣ್ಣಾಗಬಹುದು. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿಕೊಳ್ಳಲಿ, ಅಥವಾ ಮನೆಯವರು ನೋಡಲಿ.

ಮಾತ್ರೆಯ ಡಬ್ಬಿಯಿಂದ ಶುರುಮಾಡಿ

ಒಂದೇ ಒಂದು ಕೆಲಸ ಮಾಡುವಿರಾದರೆ ಇದನ್ನು ಮಾಡಿ ಎನ್ನುತ್ತೇನೆ. ಮನೆಯಲ್ಲಿ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನು ಮೇಜಿನ ಮೇಲೆ ಹರಡಿ, ಪ್ರತಿ ಸ್ಟ್ರಿಪ್ಪಿನ ಹಿಂಬದಿಯ ಫೋಟೊ ತೆಗೆಯಿರಿ.

ಕಾರಣವಿದೆ. ನಮ್ಮ ಹಿರಿಯರು ಸ್ವಲ್ಪ ಕಾಲ ಊರಿನಲ್ಲಿ, ಸ್ವಲ್ಪ ಕಾಲ ಪುಣೆಯ ಮಗನ ಮನೆಯಲ್ಲಿ, ಮತ್ತೆ ಸ್ವಲ್ಪ ಕಾಲ ಹೈದರಾಬಾದಿನ ಮಗಳ ಮನೆಯಲ್ಲಿ ಇರುತ್ತಾರೆ. ಒಂದೊಂದು ಕಡೆ ಒಬ್ಬೊಬ್ಬ ವೈದ್ಯರು. ರಕ್ತದೊತ್ತಡಕ್ಕೆ ಕೊಡುವ ಟೆಲ್ಮಿಸಾರ್ಟಾನ್ ಎಂಬ ಔಷಧವನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ. ಊರಿನ ವೈದ್ಯರು ಒಂದು ಹೆಸರಿನದ್ದು ಬರೆದಿರುತ್ತಾರೆ, ಇಲ್ಲಿನವರು ಇನ್ನೊಂದು ಹೆಸರಿನದ್ದು. ಬಣ್ಣ ಬೇರೆ, ಡಬ್ಬಿ ಬೇರೆ, ಒಳಗಿನ ಔಷಧ ಒಂದೇ. ಎರಡನ್ನೂ ನುಂಗಿದರೆ ಒತ್ತಡ ತೀರಾ ಇಳಿದು, ಎದ್ದು ನಿಂತಾಗ ತಲೆಸುತ್ತಿ ಬೀಳುವ ಅಪಾಯವಿದೆ. ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧದ ನಿಜ ಹೆಸರೂ ಎಷ್ಟು ಮಿಲಿಗ್ರಾಂ ಎಂಬುದೂ ಇರುತ್ತವೆ. ಫೋಟೊದಲ್ಲಿ ಅದು ಸ್ಪಷ್ಟವಾಗಿ ಬರಬೇಕು. ಒಂದೇ ಹೆಸರು ಎರಡು ಕಡೆ ಕಂಡರೆ ನೀವೇ ಯಾವುದನ್ನೂ ನಿಲ್ಲಿಸಬೇಡಿ. ಫೋಟೊವನ್ನು ವೈದ್ಯರಿಗೋ ಔಷಧ ಅಂಗಡಿಯ ಫಾರ್ಮಾಸಿಸ್ಟರಿಗೋ ಅಂದೇ ತೋರಿಸಿ.

ಡಬ್ಬಿಯ ಮೇಲೆ ಇಂಗ್ಲಿಷ್ ಓದಲು ಬಾರದ ಅಮ್ಮನಿಗಾಗಿ ‘ಬೆಳಿಗ್ಗೆ, ತಿಂಡಿಗೆ ಮೊದಲು’ ಎಂದು ಮಾರ್ಕರ್ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದಿಡಿ. ಆದರೆ ಪರ್ಸಿನಲ್ಲಿ ಇಡುವ ಚೀಟಿ, ಅಂದರೆ ಕಾಯಿಲೆ, ಔಷಧ, ಅಲರ್ಜಿ, ಮನೆಯ ನಂಬರ್ ಇರುವ ಚೀಟಿ, ಕನ್ನಡದಲ್ಲಿದ್ದರೆ ಚೆನ್ನೈಯಲ್ಲೋ ದೆಹಲಿಯಲ್ಲೋ ರಸ್ತೆಯಲ್ಲಿ ಬಿದ್ದವರನ್ನು ಎತ್ತಿದವರಿಗೆ ಅರ್ಥವಾಗದು. ಅದು ಇಂಗ್ಲಿಷಿನಲ್ಲಿರಲಿ, ಸಾಧ್ಯವಾದರೆ ಆ ಊರಿನ ಭಾಷೆಯಲ್ಲೂ.

ಕಣ್ಣಿನ ಹನಿಯ ಬಾಟಲಿ ತೆರೆದ ದಿನವೇ ಅದರ ಮೇಲೆ ತಾರೀಖು ಬರೆಯಿರಿ; ಹೆಚ್ಚಿನವನ್ನು ತೆರೆದ ನಾಲ್ಕು ವಾರಗಳ ಮೇಲೆ ಬಳಸುವಂತಿಲ್ಲ. ಬಳಕೆಯಲ್ಲಿರುವ ಇನ್ಸುಲಿನ್‌ಗೂ ಇಂಥ ಗಡುವಿದೆ, ಬಗೆಯಿಂದ ಬಗೆಗೆ ಬದಲಾಗುತ್ತದೆ, ಡಬ್ಬಿಯಲ್ಲಿರುವ ಸೂಚನೆ ನೋಡಿ. ಬಚ್ಚಲುಮನೆಯ ಬಾಗಿಲಲ್ಲಿ ಜಾರುವ ಕಾಲೊರಸು ಇದ್ದರೆ ಈ ಲೇಖನ ಮುಗಿಸುವ ಮೊದಲೇ ಎದ್ದು ತೆಗೆಯಿರಿ.

ಸಣ್ಣ ಕೆಲಸ ನೆಪವಾದಾಗ

ಒಂದು ಎಚ್ಚರಿಕೆ. ಫೈಲಿಗೆ ಬಣ್ಣದ ಚೀಟಿ ಹಚ್ಚಿ, ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಮಾತ್ರೆ ಡಬ್ಬಿ ಒರೆಸಿ, ಕೊನೆಗೆ ವೈದ್ಯರ ಬಳಿಗೆ ಮಾತ್ರ ಹೋಗದವರಿದ್ದಾರೆ. ಸಣ್ಣ ಕೆಲಸದ ತೃಪ್ತಿಯಲ್ಲಿ ದೊಡ್ಡದನ್ನು ಮರೆಯುವುದೂ ಮುಂದೂಡುವಿಕೆಯೇ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಆಗಲೇಬೇಕು. ಎರಡು ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಅದರಲ್ಲೂ ತಂಬಾಕು ಅಗಿಯುವವರಲ್ಲಿ, ಸ್ತನದಲ್ಲಿ ಹೊಸ ಗಂಟು, ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಇವುಗಳಿಗೆ ತುಣುಕು ತುಣುಕಿನ ಉಪಾಯ ಬೇಡ, ಇದೇ ವಾರ ತೋರಿಸಿ. ಎದೆ ಹಿಂಡಿದಂತಾದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ತಕ್ಷಣ 112ಕ್ಕೆ ಕರೆ ಮಾಡಿ.

ಎರಡು ನಿಮಿಷವೂ ಭಾರವೆನಿಸಿದರೆ

ಕೆಲವೊಮ್ಮೆ ಲೋಟ ತೊಳೆಯುವುದೂ ಬೆಟ್ಟದಂತೆ ಕಾಣುತ್ತದೆ. ಎರಡು ವಾರಕ್ಕಿಂತ ಹೆಚ್ಚು ದಿನ ಹೀಗಿದ್ದು, ಮೊದಲು ಇಷ್ಟವಾಗುತ್ತಿದ್ದುದರಲ್ಲೂ ಮನಸ್ಸಿಲ್ಲದಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ, ಅದನ್ನು ಅಭ್ಯಾಸದ ದೋಷ ಎಂದುಕೊಳ್ಳಬೇಡಿ. ಖಿನ್ನತೆ ಇರಬಹುದು. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆಯಿದ್ದರೂ ಮೈಯಲ್ಲಿ ಇಂಥದೇ ಸೋಲು ಕಾಣಿಸುತ್ತದೆ. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ವರ್ಷಗಟ್ಟಲೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವ ಸೊಸೆ, ಮಗಳು, ಹೆಂಡತಿ ತಮ್ಮ ಸ್ವಂತ ತಪಾಸಣೆಯನ್ನು ಮುಂದೂಡುತ್ತಿದ್ದರೆ, ಬಹುಮಟ್ಟಿಗೆ ಅವರನ್ನು ಬಿಡಿಸುವವರು ಯಾರೂ ಇಲ್ಲವೆಂದು ಅರ್ಥ. ಅವರಿಗೆ ಉಪದೇಶ ಹೇಳುವ ಬದಲು ಒಂದು ಬೆಳಗಿನ ಮಟ್ಟಿಗೆ ರೋಗಿಯ ಬಳಿ ನೀವು ಕೂರಿ, ಅವರು ಹೋಗಿ ಬರಲಿ.

ಮನಸ್ಸಿನ ಭಾರ ಹಂಚಿಕೊಳ್ಳಲು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು. ಕರೆ ಸೇರಿದ ಮೇಲೆ ಭಾಷೆ ಆರಿಸಿಕೊಳ್ಳುವ ಅವಕಾಶವಿರುತ್ತದೆ. ಅದರಲ್ಲಿ ಕನ್ನಡವೂ ಇದೆ.